ಹನ್ನೊಂದು ನಿಮಿಷದ ಸಾಲು

ಹಳೆಯ ಪತ್ರಿಕೆಗಳ ಲಕ್ಷಾಂತರ ಪುಟಗಳಲ್ಲಿ ಓದುಗರು ಕೇಳಿದ ಒಂದು ಪದ ಎಲ್ಲಿದೆಯೆಂದು ಕ್ಷಣದಲ್ಲಿ ಹುಡುಕಿಕೊಡುವುದು ಇಂದು ಎಲ್ಲರಿಗೂ ಸಹಜವಾಗಿ ಕಾಣುತ್ತದೆ. ನಮ್ಮ ಗ್ರಂಥಾಲಯದಲ್ಲಿ ಆ ಸಹಜತೆಯನ್ನು ಕಟ್ಟಿದವರು, ಮೂವತ್ತೊಂದು ವರ್ಷಗಳ ಸೇವೆಯ ನಂತರ ಈ ತಿಂಗಳು ನಿವೃತ್ತರಾಗುತ್ತಿರುವ ಹುಡುಕಾಟ ವಿಭಾಗದ ನಮ್ಮ ಮುಖ್ಯಸ್ಥರು. ಮರದ ಪೆಟ್ಟಿಗೆಗಳಲ್ಲಿ ಕಾರ್ಡು ಜೋಡಿಸುವ ಕಾಲದಲ್ಲಿ ಸೇರಿ, ಮೂರು ಸರ್ವರ್‌ಗಳು ಪುಟಗಳನ್ನು ಹಂಚಿಕೊಂಡು ಒಂದೇ ಸರ್ವರಿನಂತೆ ದುಡಿಯುವ ಕಾಲದವರೆಗೆ ನಡೆದುಬಂದ ಅವರನ್ನು ಹೊರಗಿನವರು ತಜ್ಞರೆಂದು ಕರೆಯುತ್ತಾರೆ. ನಾವು ಬೆನ್ನ ಹಿಂದೆ ‘ಯಾಕೆ ಮೇಷ್ಟ್ರು’ ಎನ್ನುತ್ತೇವೆ. ಅದು ಅವರಿಗೂ ಗೊತ್ತು.

ಆ ಹೆಸರಿಗೆ ಕಾರಣ ಅವರು ಹಾಕಿಕೊಟ್ಟ ಒಂದು ಪದ್ಧತಿ. ಯಾವ ಸರ್ವರನ್ನೂ ಓದುಗರ ಬಳಕೆಗೆ ಬಿಡುವ ಮುಂಚೆ, ಆಮೇಲೆ ವರ್ಷಕ್ಕೆರಡು ಬಾರಿ, ಅದರ ಸೆಟ್ಟಿಂಗ್ಸ್ ಫೈಲನ್ನು ಇಬ್ಬರು ಎದುರುಬದುರು ಕುಳಿತು ಗಟ್ಟಿಯಾಗಿ ಓದಬೇಕು. ಫೈಲು ಬರೆದವರು ಒಂದು ಸಾಲು ಓದುತ್ತಾರೆ, ಎದುರಿನ ಕುರ್ಚಿಯಿಂದ ಮೇಷ್ಟ್ರು “ಯಾಕೆ?” ಎನ್ನುತ್ತಾರೆ, ಕಾರಣ ಹೇಳಿ, ಅದನ್ನು ಸಾಲಿನ ಪಕ್ಕದಲ್ಲೇ ಬರೆದ ಮೇಲಷ್ಟೇ ಮುಂದಿನ ಸಾಲು.

ಆರು ವರ್ಷಗಳ ಹಿಂದೆ ವಿಶ್ವವಿದ್ಯಾಲಯದಿಂದ ನೇರವಾಗಿ ಇಲ್ಲಿಗೆ ಬಂದ ನಾನು, ನನ್ನ ಮೊದಲ ಫೈಲಿನಲ್ಲಿ ಸರ್ವರಿನ ಮೆಮೊರಿಯನ್ನೆಲ್ಲ ಹುಡುಕುವ ಪ್ರೋಗ್ರಾಮಿಗೇ ಕೊಟ್ಟುಬಿಟ್ಟಿದ್ದೆ.

“ಇದ್ದಬದ್ದ ಕೋಣೆನೆಲ್ಲ ನೆಂಟ್ರಿಗೆ ಬಿಟ್ಕೊಟ್ರೆ ಮನೆಯವ್ರು ಎಲ್ಲಿ ಮಲಗ್ಬೇಕಮ್ಮ?” ಎಂದರು.

“ಅಂಗಳದಲ್ಲಿ ಸಾರ್,” ಎಂದು ಪಕ್ಕದ ಮೇಜಿನಿಂದ ಒಂದು ದನಿ ಬಂತು.

“ನಿನ್ನ ಕೇಳಿದ್ನೇನೋ? ನಿನ್ ಫೈಲ್ ನೋಡ್ಕೋ ಹೋಗು.”

ಅರ್ಧ ಮೆಮೊರಿ ಸರ್ವರಿಗೇ ಉಳಿಯಬೇಕೆಂದು ನಾನು ಕಲಿತದ್ದು ಆ ದಿನ. ಪಕ್ಕದ ಮೇಜಿನವರನ್ನು ಮದುವೆಯಾದದ್ದು ಮರುವರ್ಷ. ಮದುವೆ ನೋಂದಣಿ ಕಚೇರಿಯಲ್ಲಿ ನನ್ನ ಕಡೆಯ ಸಾಕ್ಷಿಯಾಗಿ ನಿಂತವರು ಮೇಷ್ಟ್ರು. ಅಲ್ಲಿಯೂ ಪೆನ್ನು ಹಿಡಿದು “ಯಾಕೆ?” ಎಂದು ಕೇಳಿ ಎಲ್ಲರನ್ನೂ ನಗಿಸಿದರು.

ಮೂರು ಸರ್ವರ್‌ಗಳ ವ್ಯವಸ್ಥೆಯ ಫೈಲನ್ನು ಬರೆದವರು ನನ್ನ ಪತಿ. ಅದರಲ್ಲಿ ಒಂದು ಸಾಲಿದೆ. ಒಂದು ಸರ್ವರ್ ಕೆಲಸ ನಿಲ್ಲಿಸಿ ಸುಮ್ಮನಾದರೆ, ಅದರ ಪಾಲಿನ ಪುಟಗಳನ್ನು ಉಳಿದೆರಡು ತಮ್ಮಲ್ಲಿ ಹಂಚಿಕೊಳ್ಳುವ ಮುಂಚೆ ಎಷ್ಟು ಹೊತ್ತು ಕಾಯಬೇಕು ಎಂಬ ಸಾಲು. ಸಾಮಾನ್ಯವಾಗಿ ಒಂದು ನಿಮಿಷ ಇಡುತ್ತಾರೆ. ಇವರು ಹನ್ನೊಂದು ಎಂದು ಬರೆದು, ಪಕ್ಕದಲ್ಲಿ “ಯಾಕೆ ಅಂತ ನಾಳೆ ಬಾಯಲ್ಲೇ ಹೇಳ್ತೀನಿ ಸಾರ್” ಎಂದು ಸೇರಿಸಿದ್ದರು. ಮರುದಿನ ಬೆಳಿಗ್ಗೆ ಓದು ಇತ್ತು. ಅಂದು ಕಚೇರಿಗೆ ಬರುವ ದಾರಿಯಲ್ಲಿ ಕುಸಿದು ಅವರು ತೀರಿಕೊಂಡರು.

ಒಂದು ತಿಂಗಳ ನಂತರ ನಾನು ಕೆಲಸಕ್ಕೆ ಮರಳಿದಾಗ ಮೇಷ್ಟ್ರು ಸಾಂತ್ವನದ ಮಾತು ಆಡಲಿಲ್ಲ. ಆ ಫೈಲನ್ನು ನನ್ನ ಮುಂದಿಟ್ಟು, ಎದುರಿಗೆ ಕುಳಿತು, “ಓದಮ್ಮ” ಎಂದರು. ಓದಿದೆ. ಆ ಸಾಲಿಗೆ ಬಂದಾಗ ನಿಂತೆ. ಅವರು ಯಾಕೆ ಎನ್ನಲಿಲ್ಲ.

“ಮುಂದಿನ ಸಾಲು,” ಎಂದರು.

ನಾಲ್ಕು ವರ್ಷ, ವರ್ಷಕ್ಕೆರಡು ಬಾರಿ, ಅದೊಂದು ಸಾಲಿಗೆ ಮಾತ್ರ ಹೀಗೆಯೇ ನಡೆಯಿತು. ಹೊಸದಾಗಿ ಬಂದ ಎಂಜಿನಿಯರ್ ಒಬ್ಬರು ಅದನ್ನು ಒಂದಕ್ಕೆ ಇಳಿಸೋಣವೆಂದಾಗ, “ಕಾರಣ ಗೊತ್ತಿಲ್ದೆ ಕೈ ಹಚ್ಬೇಡಿ” ಎಂದು ಗದರಿದರು. ಕಾರಣ ತಿಳಿಯದ ಸಾಲನ್ನು ಎಂದೂ ಉಳಿಸಿದವರಲ್ಲ ಅವರು. ನಾನು ಮಾತ್ರ ಎಷ್ಟೋ ಸಂಜೆ ಮನೆಯಲ್ಲಿ ಅಡುಗೆಗೆ ನೀರಿಟ್ಟು, ಯಾಕೆ ಹನ್ನೊಂದು ಎಂದು ಕೇಳಿಕೊಂಡು ನಿಂತಿದ್ದೇನೆ. ನಮ್ಮಿಬ್ಬರ ನಡುವೆ ಮುಗಿಯದೆ ಉಳಿದ ಮಾತು ಅದೊಂದೇ.

ಕಳೆದ ತಿಂಗಳು ಹೊಸ ಸರ್ವರ್‌ಗಳು ಬಂದವು. ಹಳೆಯ ಮೂರರಲ್ಲಿ ಅತ್ಯಂತ ಹಳೆಯದನ್ನು, ನಾವೆಲ್ಲ ‘ಅಜ್ಜ’ ಎನ್ನುವುದನ್ನು, ಕಳಚುವ ಮುಂಚೆ ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಲು ಮೇಷ್ಟ್ರು ನನಗೆ ಹೇಳಿದರು. “ಗಡಿಯಾರ ನೋಡ್ಕೊಂಡು ನಿಂತ್ಕೋ,” ಎಂದರು. ಏಕೆಂದು ಹೇಳಲಿಲ್ಲ. ಹಿಂದೆ ಆ ಕೆಲಸವನ್ನು ನನ್ನ ಪತಿ, ನಂತರ ಸ್ವತಃ ಮೇಷ್ಟ್ರು ಮಾಡುತ್ತಿದ್ದರು. ಅಜ್ಜ ತನ್ನ ಮೆಮೊರಿಯನ್ನು ಚೂರುಚೂರಾಗಿ ಪರೀಕ್ಷಿಸಿಕೊಂಡು, ಫ್ಯಾನುಗಳನ್ನು ಒಂದೊಂದಾಗಿ ಎಬ್ಬಿಸಿ, ಉಳಿದೆರಡರ ಜೊತೆ ಮತ್ತೆ ಸೇರಿಕೊಂಡಾಗ ಹತ್ತೂವರೆ ನಿಮಿಷವಾಗಿತ್ತು.

“ಹನ್ನೊಂದು,” ಎಂದೆ. “ಅಜ್ಜ ಎದ್ದು ಬರೋವರೆಗೂ ಕಾಯ್ಲಿ ಅಂತ ಬರ್ದಿದ್ರು ಅವ್ರು.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

“ನಿಮ್ಗೆ ಗೊತ್ತಿತ್ತಾ ಸಾರ್?”

“ಅವನು ಹೋದ ವಾರನೇ ಗೊತ್ತಾಯ್ತಮ್ಮ. ಆದ್ರೆ ಹೇಳ್ತೀನಿ ಅಂದಿದ್ದು ಅವನು. ನಾನ್ಯಾಕೆ ಮಧ್ಯ ಬಾಯಿ ಹಾಕ್ಲಿ?”

ಮಧ್ಯಾಹ್ನ ಹೊಸ ಫೈಲಿನ ಓದು. ಹೊಸ ಸರ್ವರ್‌ಗಳು ಮೂರು ನಿಮಿಷಕ್ಕೆ ಎದ್ದು ಬರುತ್ತವೆ. ಆ ಸಾಲಿಗೆ ಬಂದಾಗ, ಹಳೆಯ ಫೈಲಿನಿಂದ ಹಾಗೆಯೇ ಬಂದಿದ್ದ ಹನ್ನೊಂದನ್ನು ಅಳಿಸಿ ನಾಲ್ಕು ಎಂದು ನಾನೇ ಒತ್ತಿದೆ. ಒತ್ತುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅವರು ಅವಸರ ಮಾಡಲಿಲ್ಲ.

“ಯಾಕೆ?” ಎಂದರು. ಆ ಸಾಲಿಗೆ ಮೊದಲ ಬಾರಿ.

“ಇವು ಮೂರು ನಿಮಿಷಕ್ಕೇ ವಾಪಸ್ ಬರ್ತವೆ ಸಾರ್.”

“ಬರಿ ಹಾಗಾದ್ರೆ.”

ಬರೆದೆ.

ಪೂಜ್ಯ ಮೇಷ್ಟ್ರಿಗೆ ಆಯುಸ್ಸು, ಆರೋಗ್ಯ ಎರಡೂ ತುಂಬಿರಲಿ. ಬರೆಯುತ್ತೇನೆಂದು ಹತ್ತು ವರ್ಷಗಳಿಂದ ಹೇಳುತ್ತ ಬಂದಿರುವ ಸರ್ವರ್‌ಗಳ ಕೈಪಿಡಿಯನ್ನು ಅವರು ಈಗಲಾದರೂ ಬರೆದು ಮುಗಿಸಲಿ. ಮನೆಯವರನ್ನೂ ನೆರೆಹೊರೆಯವರನ್ನೂ ಯಾಕೆ ಎಂದು ಕೇಳುತ್ತಲೇ ಇರಲಿ. ನಮ್ಮ ಮುಂದಿನ ಓದು ಬರುವ ತಿಂಗಳ ಮೊದಲ ಸೋಮವಾರ, ಬೆಳಿಗ್ಗೆ ಹತ್ತಕ್ಕೆ. ಎದುರಿನ ಕುರ್ಚಿಗೆ ಇನ್ನೊಬ್ಬರನ್ನು ಕರೆಯುವ ಮುಂಚೆ ಹನ್ನೊಂದು ನಿಮಿಷ ಕಾಯುತ್ತೇನೆ.