ಎಮ್ಮಿಗನೂರಿನ ಪರದೆಯ ಕಾಲುವೆ

ಹೊಸಪೇಟೆಯಲ್ಲಿ ಕಂಪ್ಲಿ ಬಸ್ ಹತ್ತಿದೆ. ಎರಡು ಚೀಲಗಳ ತುಂಬ ಹಳೆಯ ಲ್ಯಾಪ್‌ಟಾಪ್‌ಗಳು. ಕಂಡಕ್ಟರ್ ಚೀಲ ಮುಟ್ಟಿ ನೋಡಿ, “ಹೆಣ್ಮಕ್ಕಳಿಗ ಫ್ರೀ ಐತ್ರಿ, ಇವಕ್ಕಿಲ್ಲ,” ಎಂದು ಲಗೇಜ್ ಟಿಕೆಟ್ ಹರಿದ.

ಎಮ್ಮಿಗನೂರಿನ ಶಾಲೆಯೊಂದರಲ್ಲಿ ಪ್ರತಿ ಶನಿವಾರ ನಾನು ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುತ್ತಿದ್ದೆ. ಪರದೆಯ ಮೇಲಿನ ಬಣ್ಣದ ತುಂಡುಗಳನ್ನು ಎಳೆದು ಒಂದಕ್ಕೊಂದು ಸಿಕ್ಕಿಸಿದರೆ ಚಿತ್ರಗಳು ನಡೆಯುತ್ತವೆ, ಕುಣಿಯುತ್ತವೆ. ಇದು ಬರೀ ಆಟ ಎಂದು ಪಾಲಕರು ದೂರಿದ್ದರು. ಅವತ್ತು ಮಕ್ಕಳು ತಮ್ಮ ಕೆಲಸವನ್ನು ಪಾಲಕರಿಗೆ ತೋರಿಸಬೇಕು, ಅವರು ಒಪ್ಪದಿದ್ದರೆ ತರಗತಿ ಬಂದ್ ಎಂದು ಹೆಡ್‌ಮಾಸ್ಟರ್ ಹೇಳಿದ್ದರು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು. ಸಂಡೂರಿನಲ್ಲಿ ಬೆಳೆದ ನನಗೆ ಕಂಪ್ಯೂಟರ್ ಮುಟ್ಟಲು ಸಿಕ್ಕಿದ್ದು ಕಾಲೇಜಿನಲ್ಲಿ. ಈ ಮಕ್ಕಳು ಅಷ್ಟು ಕಾಯಬಾರದು ಎಂಬ ಹಟ ನನ್ನದು.

ಕಮಲಾಪುರ ದಾಟಿದ ಮೇಲೆ ರಸ್ತೆ ಕೆಟ್ಟಿತ್ತು. ಚೀಲಗಳನ್ನು ತೊಡೆಯ ಮೇಲೆ ಅವಚಿಕೊಂಡೆ.

“ಏನೈತವ್ವಾ ಅದರಾಗ, ಕೂಸಿನಂಗ ಹಿಡ್ಕೊಂಡೀದಿ?” ಪಕ್ಕದ ಅಜ್ಜಿ ಕೇಳಿದರು.

“ಕಂಪ್ಯೂಟರ್, ಅಜ್ಜಿ.”

“ಹಂಗಾದ್ರ ನಿದ್ದಿ ಮಾಡಬ್ಯಾಡ.”

ಒಂದು ತಾಸಿಗೆ ಕಂಪ್ಲಿ. ಸುಡು ಬಿಸಿಲು. ಮಂಡಕ್ಕಿ ಒಗ್ಗರಣೆ, ಮಿರ್ಚಿ ತೆಗೆದುಕೊಂಡೆ. ಅರ್ಧ ತಿಂದು ಎದ್ದೆ. ಅಲ್ಲಿಂದ ಶೇರ್ ಆಟೊ, ಎರಡೂ ಕಡೆ ಭತ್ತದ ಗದ್ದೆ.

ಶಾಲೆಯಲ್ಲಿ ಪಾಲಕರು ಬೆಂಚು ತುಂಬಿ ಕೂತಿದ್ದರು. ಮಕ್ಕಳು ಪರದೆಯಲ್ಲಿ ಕಾಲುವೆ ಮಾಡಿದ್ದರು. ಒಬ್ಬೊಬ್ಬರಿಗೆ ಒಂದು ಗದ್ದೆ, ಅದಕ್ಕೆ ನೀರು ಬಿಡುವ ಒಂದು ಗೇಟು. ಮೊದಲ ಗದ್ದೆ ರೈಸ್ ಮಿಲ್ ಮಾಲೀಕರ ಮಗ ಬಸುವಿನದು, ಕೊನೆಯದು ಶಿವಲೀಲಾಳದು. ಬಸು ತನ್ನ ಗೇಟಿಗೆ ‘ಸದಾ ತೆರೆ’ ಎಂಬ ತುಂಡು ಸಿಕ್ಕಿಸಿಬಿಟ್ಟಿದ್ದ. ಚಾಲೂ ಮಾಡುವ ಹಸಿರು ಬಾವುಟ ಒತ್ತಿದ್ದೇ ತಡ, ಅವನ ಗದ್ದೆ ತುಂಬಿ ತುಳುಕಿತು, ಶಿವಲೀಲಾಳದು ನೀರಿಲ್ಲದೆ ಹಳದಿಯಾಯಿತು.

ಶಿವಲೀಲಾಳ ತಂದೆ ಎದ್ದು ನಿಂತರು. “ನೋಡ್ರಿ, ಕಂಪ್ಯೂಟರ್‌ನ್ಯಾಗೂ ಹಂಗಾ! ಗೇಟ್ ಮುಚ್ಚೋದು ಇವರ ಮನ್ಯಾಗ ಹುಡುಗರಿಗೂ ಗೊತ್ತಿಲ್ಲ.”

“ಲೇ, ಅದು ಆಟ!” ಎಂದರು ಬಸುವಿನ ತಂದೆ.

“ಹೋದ ವಾರ ನೀ ಖರೇ ಕಾಲುವಿ ಗೇಟ್ ಎತ್ತಿ ನಮ್ಮ ಗದ್ದಿ ಒಣಗಿಸಿದ್ದೂ ಆಟಾನಾ?”

ಬೆಂಚುಗಳು ಸರಿದವು. ತರಗತಿ ಮುಗಿಯಿತು ಎಂದುಕೊಂಡು ಲ್ಯಾಪ್‌ಟಾಪ್ ಮುಚ್ಚಲು ಹೋದೆ.

“ಬಂದ್ ಮಾಡಬ್ಯಾಡ್ರಿ ಮೇಡಂ.” ಶಿವಲೀಲಾ ಆ ‘ಸದಾ’ ತುಂಡನ್ನು ಎಳೆದು ಹೊರಗೆ ಹಾಕಿದಳು. “ನೀರು ಎಷ್ಟೊತ್ತು ಬೇಕಲೇ ನಿನಗ?”

ಬಸು ಅಪ್ಪನ ಮುಖ ನೋಡಿದ. “ಹತ್ತು ಸೆಕೆಂಡ್.”

“ಭಾಳ ಆತು. ಐದು.”

“ಏಳು ಕೊಡಲೇ.”

ಜಗಳ ನಿಂತು, ದೊಡ್ಡವರೆಲ್ಲ ಈ ಚೌಕಾಸಿ ಕೇಳತೊಡಗಿದರು. ಏಳಕ್ಕೆ ಒಪ್ಪಂದವಾಯಿತು. ಮತ್ತೆ ಬಾವುಟ ಒತ್ತಿದರು. ನೀರು ಕೊನೆಯವರೆಗೆ ಹರಿದು ಶಿವಲೀಲಾಳ ಗದ್ದೆ ಅರ್ಧ ಹಸಿರಾಯಿತು.

“ಇನ್ನರ್ಧ ಬಾಕಿ ಐತಿ,” ಎಂದರು ಅವಳ ತಂದೆ. ಆದರೆ ಕುಳಿತರು.

“ತರಗತಿ ಇರಲೋ, ಬ್ಯಾಡೋ?” ಹೆಡ್‌ಮಾಸ್ಟರ್ ಕೇಳಿದರು. ಪಾಲಕರು ಚಪ್ಪಲಿ ಹುಡುಕತೊಡಗಿದರು. ಒಬ್ಬೊಬ್ಬರೇ ಎದ್ದು ಹೋದರು.

ಚೀಲಗಳನ್ನು ಆಟೊದಲ್ಲಿ ಇಡುತ್ತಿದ್ದಾಗ ಬಸುವಿನ ತಂದೆ ಬಂದರು. ಕೈಯಲ್ಲಿದ್ದ ಚೀಲ ಕೆಳಗಿಟ್ಟೆ.

“ಮುಂದಿನ ಶನಿವಾರ ಎಷ್ಟೊತ್ತಿಗ್ರಿ?”

“ಹತ್ತಕ್ಕೆ.”

“ನಾನೂ ಬರ್ತೀನಿ. ನಾ ಇಲ್ದಾಗ ನಮ್ಮ ಗೇಟ್ ಯಾರೂ ಮುಟ್ಟಬಾರದು, ನೋಡ್ರಿ.”

ಆಟೊ ಹೊರಟಿತು. ಹಿಂತಿರುಗಿ ನೋಡಿದೆ. ಅವರು ಬಸುವಿನ ತೋಳು ಹಿಡಿದು ನಿಂತಿದ್ದರು. ಬೈಯುತ್ತಿದ್ದರೋ, ಏನಾದರೂ ಕೇಳುತ್ತಿದ್ದರೋ, ಅಷ್ಟು ದೂರದಿಂದ ತಿಳಿಯಲಿಲ್ಲ.