ಮಗಳನ್ನು ಹೊಗಳಿದ ಪಿ.ಟಿ. ಮೇಷ್ಟ್ರು

ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ದಿನ ನಮ್ಮ ಪಿ.ಟಿ. ಮೇಷ್ಟ್ರು ಶಶಿಧರ್ ಸರ್ ತಮ್ಮ ಮಗಳ ಫೋಟೊ ಹಾಕಿ, ‘ನವ್ಯಾ ಇಂಟರ್‌ನ್ಯಾಷನಲ್ ಸ್ಕೂಲಿಗೆ ಸೇರಿದಳು’ ಎಂದು ಬರೆದಿದ್ದರು. ಶಿವಮೊಗ್ಗದ ಮಟ್ಟಿಗೆ ಇದೇನೂ ದೊಡ್ಡ ಸುದ್ದಿಯಲ್ಲ. ಇಲ್ಲಿ ಊರಾಚೆ ಒಂದು ಲೇಔಟ್ ಎದ್ದರೆ ಅದರ ತುದಿಗೊಂದು ಇಂಟರ್‌ನ್ಯಾಷನಲ್ ಸ್ಕೂಲ್ ಏಳುತ್ತದೆ. ಫ್ಲೆಕ್ಸಿನಲ್ಲಿ ಈಜುಕೊಳವೂ ಕುದುರೆಯೂ ಇರುತ್ತವೆ, ಕಾಂಪೌಂಡಿನೊಳಗೆ ಎರಡೂ ಇರುವುದಿಲ್ಲ. ಮಾಚೇನಹಳ್ಳಿಯ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ನಟ್ಟು ಬೋಲ್ಟು ಎಣಿಸಿ ಸಂಬಳ ಪಡೆಯುವ ನನಗೆ, ಗುರುಋಣ ತೀರಿಸಲು ಇದಕ್ಕಿಂತ ಸುಲಭದ ದಾರಿ ಸಿಗದು ಅನ್ನಿಸಿತು. ಸ್ಕೂಲ್ ವ್ಯಾನ್ ಓಡಿಸುವ ಈಶ್ವರಪ್ಪನಿಗೆ ಫೋನ್ ಮಾಡಿ, ಕಾಡಿ ಬೇಡಿ, ಕಿಟಕಿ ಪಕ್ಕದ ಸೀಟೊಂದನ್ನು ಹಿಡಿಸಿಟ್ಟೆ. ಆಮೇಲೆ ಸರ್‌ಗೆ ಕರೆ ಮಾಡಿದೆ.

“ಸರ್, ವ್ಯಾನಿನ ಚಿಂತೆ ಬಿಡಿ. ರವೀಂದ್ರನಗರಕ್ಕೆ, ನಿಮ್ಮನೆ ಬಾಗಿಲಿಗೇ ಬರುತ್ತೆ. ಬೆಳಿಗ್ಗೆ ನವ್ಯಾನ ರೆಡಿ ಮಾಡಿ ನಿಲ್ಸಿದ್ರೆ ಸಾಕು.”



“ನಿನ್ನ ಈಶ್ವರಪ್ಪನ ವ್ಯಾನು ಸಮುದ್ರ ದಾಟುತ್ತೇನೋ?” ಎಂದರು ಸರ್. “ನಾವು ವಿಯೆಟ್ನಾಂನಲ್ಲಿದೀವಿ ಮಾರಾಯ.”

ಫೋಟೊದಲ್ಲಿ ನವ್ಯಾಳ ಬೆನ್ನ ಹಿಂದೆ ಒಂದು ಹಡಗು ನಿಂತಿತ್ತು. ಅದನ್ನೂ ನಾನು ಫ್ಲೆಕ್ಸ್ ಎಂದೇ ತಿಳಿದಿದ್ದೆ.

ಶಶಿಧರ್ ಸರ್ ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ನಮಗೆಲ್ಲ ಕಬಡ್ಡಿ, ಖೋಖೋ ಮತ್ತು ಭಯವನ್ನು ಕಲಿಸಿದವರು. ಉಕ್ಕಿನ ಕಾರ್ಖಾನೆಗೆ ಎಲ್ಲೆಲ್ಲಿಂದಲೋ ಬಂದವರಿದ್ದ ನ್ಯೂಟೌನಿನ ಕ್ವಾರ್ಟರ್ಸ್‌ನಲ್ಲಿ ಬೆಳೆದವರಾದ್ದರಿಂದ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಸಲೀಸಾಗಿ ಬೈಯಬಲ್ಲರು. ಇಂಗ್ಲಿಷ್ ಮಾತ್ರ ಮೈದಾನಕ್ಕೆ ಬೇಕಾದಷ್ಟೇ: ಅಟೆನ್ಷನ್, ಸ್ಟ್ಯಾಂಡ್ ಅಟ್ ಈಸ್, ಡಿಸ್‌ಪರ್ಸ್. ಅವರ ಹೆಂಡತಿ ದೀಪಶ್ರೀ ಮಾಚೇನಹಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ ಕ್ವಾಲಿಟಿ ಇಂಜಿನಿಯರ್. ಕಂಪನಿಯವರು ಹೈಫಾಂಗ್ ಎಂಬ ಬಂದರು ಪಟ್ಟಣದಲ್ಲಿ ಹೊಸ ಘಟಕ ತೆರೆದು, ಮೂರು ವರ್ಷದ ಮಟ್ಟಿಗೆ ಇವರನ್ನು ಅಲ್ಲಿಗೆ ಕಳಿಸಿದರು. ಮಗಳ ಶಾಲೆಯ ಖರ್ಚೂ ಕಂಪನಿಯದೇ. ಸರ್ ಸಂಬಳವಿಲ್ಲದ ರಜೆ ಹಾಕಿ ಜೊತೆಗೆ ಹೊರಟರು.

“ಏನ್ ಶಶಿಧರ್, ಅಲ್ಲಿ ನಿಮ್ಗೆ ಯಾವ ಪೋಸ್ಟು?” ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಚುಚ್ಚಿದರಂತೆ.

“ಅಡುಗೆಮನೆ ಇನ್‌ಚಾರ್ಜು,” ಎಂದರಂತೆ ಸರ್. “ಪ್ರಮೋಷನ್ ಮೇಲೆ ಹೋಗ್ತಿದೀನಿ.”

ಈಗ ಅವರೆಲ್ಲ ವಾಪಸು ಬಂದಿದ್ದಾರೆ. ಬೆಳಿಗ್ಗೆ ನನ್ನ ಬೈಕಿನ ಹಿಂದೆ ಕೂತು ಮಾಚೇನಹಳ್ಳಿಯವರೆಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಭದ್ರಾವತಿಗೆ ಹೋಗುತ್ತಾರೆ. ಮೈದಾನದ ಆಚೆ ತುದಿಗೆ ಮುಟ್ಟಿಸಲು ಪಳಗಿದ ಗಂಟಲಿಗೆ ಹೆಲ್ಮೆಟ್ ಒಂದು ಅಡ್ಡಿಯೇ ಅಲ್ಲ. ಅವರು ಮುಂದೆ ನಡೆದುದನ್ನು ನನಗೆ ಹೇಳಿದ್ದು ಆ ಬೈಕಿನ ಮೇಲೆಯೇ; ನನ್ನ ಜೊತೆ ಅಕ್ಕಪಕ್ಕದ ಲಾರಿಯವರೂ ಕೇಳಿಸಿಕೊಂಡಿರಬೇಕು.

ಆ ಶಾಲೆಯಲ್ಲಿ ಪ್ರವೇಶಕ್ಕೆ ಮೊದಲು ತಂದೆತಾಯಿಯ ಸಂದರ್ಶನ ಇರುತ್ತದೆ. ಅವತ್ತು ಕಾರ್ಖಾನೆಯಲ್ಲಿ ಹೊಸ ಕುಲುಮೆ ಹೊತ್ತಿಸುವ ದಿನ, ದೀಪಶ್ರೀಗೆ ಬಿಡುವಾಗಲಿಲ್ಲ. ಸರ್ ಮಗಳೊಬ್ಬಳನ್ನೇ ಕರೆದುಕೊಂಡು ಹೋದರು. ನ್ಯೂಜಿಲೆಂಡಿನಿಂದ ಬಂದ ಮಿಸ್ ಹಾನಾ ಎಂಬ ಟೀಚರ್ ನಗುನಗುತ್ತಾ ಕೇಳಿದ ಮೊದಲ ಪ್ರಶ್ನೆಯೇ, ನಿಮ್ಮ ಮಗಳಲ್ಲಿರುವ ಒಳ್ಳೆಯ ಗುಣಗಳೇನು ಎಂಬುದು.

ನಮ್ಮ ಕಡೆ ಇದಕ್ಕೊಂದು ಕ್ರಮವಿದೆ. ಮಗುವನ್ನು ಶಾಲೆಗೆ ಬಿಡಲು ಹೋದ ಅಪ್ಪ, “ಇವನಿಗೆ ಏನೂ ಬರಲ್ಲ ಸಾರ್, ಶುದ್ಧ ಸೋಮಾರಿ. ಬಗ್ಗದಿದ್ರೆ ನಾಲ್ಕು ಬಾರ್ಸಿ, ನಾವು ಯಾಕೆ ಅಂತ ಕೇಳಲ್ಲ,” ಅನ್ನಬೇಕು. ಮೇಷ್ಟ್ರು ತಕ್ಷಣ, “ಛೆ ಛೆ, ಹುಡುಗ ಚುರುಕಾಗಿದಾನೆ, ನೀವು ಯೋಚ್ನೆ ಬಿಡಿ,” ಅನ್ನಬೇಕು. ಇಬ್ಬರ ಮರ್ಯಾದೆಯೂ ಉಳಿದು ಇಬ್ಬರೂ ಸಂತೋಷವಾಗಿ ಮನೆಗೆ ಹೋಗುತ್ತಾರೆ. ಹೆತ್ತವರೇ ಮೇಷ್ಟ್ರ ಮುಂದೆ ಮಗುವನ್ನು ಹೊಗಳಿದರೆ ಅದು ಕೊಬ್ಬು. ಸಾಲದ್ದಕ್ಕೆ ದೃಷ್ಟಿ ಬೇರೆ ತಾಗುತ್ತದೆ. ವರ್ಷಗಟ್ಟಲೆ ಈ ಮಾತನ್ನು ಮೇಷ್ಟ್ರ ಜಾಗದಲ್ಲಿ ನಿಂತು ಕೇಳಿಸಿಕೊಂಡಿದ್ದ ಸರ್, ಮೊದಲ ಸಲ ಅಪ್ಪನ ಜಾಗದಲ್ಲಿ ನಿಂತು ತಮಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದರು.

“ಶೀ ನೋಸ್ ನಥಿಂಗ್, ಮಿಸ್. ವೆರಿ ಲೇಜಿ. ನಾಟ್ ಲಿಸನಿಂಗ್, ಯು ಬೀಟ್. ನೋ ಪ್ರಾಬ್ಲಂ.”

ಹೇಳಿ, ಮಿಸ್ ಹಾನಾ ‘ಛೆ ಛೆ’ ಅನ್ನುವುದನ್ನೇ ಕಾಯುತ್ತಾ ಕುಳಿತರು. ಅವರು ಅನ್ನಲಿಲ್ಲ. ಮುಖದ ನಗು ಹೋಗಿ, ಏನನ್ನೋ ಬರೆದುಕೊಂಡರು. ಊರಿನಲ್ಲಿ ತರಗತಿಗೇ ಮುಂದಿದ್ದ ನವ್ಯಾ, ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳು.

ಮಾರನೆಯ ವಾರ ಶಾಲೆಯ ತೀರ್ಮಾನ ಬಂತು. ನವ್ಯಾಳನ್ನು ನಾಲ್ಕನೆಯ ತರಗತಿಯ ಬದಲು ಮೂರಕ್ಕೆ ಸೇರಿಸಿಕೊಳ್ಳುತ್ತಾರೆ, ಅದೂ ಒಂದು ಟರ್ಮಿನ ಮಟ್ಟಿಗೆ. ಅಷ್ಟರಲ್ಲಿ ಅವಳು ಕ್ಲಾಸಿನಲ್ಲಿ ಎಲ್ಲರೊಂದಿಗೆ ಬೆರೆತು ಮಾತಾಡುವಂತಾಗದಿದ್ದರೆ ಸೀಟು ಮುಂದುವರಿಯುವುದಿಲ್ಲ. ಆ ಊರಿನ ಉಳಿದ ಶಾಲೆಗಳಲ್ಲಿ ಪಾಠ ವಿಯೆಟ್ನಾಮಿ ಭಾಷೆಯಲ್ಲಿ. ಹಾಗಾಗಿ ಸೀಟು ಹೋದರೆ ಅಪ್ಪ, ಮಗಳು ಶಿವಮೊಗ್ಗಕ್ಕೆ ಮರಳಬೇಕು, ಅಮ್ಮ ಒಬ್ಬಳೇ ಅಲ್ಲಿ ಮೂರು ವರ್ಷ ಕಳೆಯಬೇಕು. ಜೊತೆಗೆ ಶಾಲೆಯ ಕೌನ್ಸೆಲರ್ ಸರ್ ಅವರನ್ನು ಕರೆಸಿ, ತುಂಬ ಮೃದುವಾಗಿ, ಮನೆಯಲ್ಲಿ ಮಗುವಿಗೆ ಹೊಡೆಯುತ್ತೀರಾ ಎಂದು ವಿಚಾರಿಸಿದರು.

“ಅಟ್ ಹೋಮ್ ನೋ, ಮೇಡಂ,” ಎಂದರು ಸರ್, ಪ್ರಾಮಾಣಿಕವಾಗಿ. “ಓನ್ಲಿ ಅಟ್ ಸ್ಕೂಲ್.”

ತಾವು ಊರಿನಲ್ಲಿ ಮೇಷ್ಟ್ರು ಎಂಬುದನ್ನು ವಿವರಿಸುವಷ್ಟರಲ್ಲಿ ಮಧ್ಯಾಹ್ನವಾಯಿತಂತೆ. ವಿವರಿಸಿದ ಮೇಲೆ ವಿಷಯ ಇನ್ನೂ ಹದಗೆಟ್ಟಿತಂತೆ.

“ರೀ, ಸೀಟು ಕೇಳೋಕೆ ಹೋಗಿದ್ರೋ, ಮಗಳ ಮೇಲೆ ಕಂಪ್ಲೇಂಟ್ ಕೊಡೋಕೆ ಹೋಗಿದ್ರೋ?” ಎಂದರು ದೀಪಶ್ರೀ.

“ಮತ್ತೆ, ನನ್ ಮಗಳು ಭಾರಿ ಜಾಣೆ ಅಂತ ನಾನೇ ಡಂಗುರ ಹೊಡೀಲಾ?”

“ಹೂಂ. ಇಲ್ಲಿ ಎಲ್ಲಾರೂ ಹೊಡೀತಾರೆ. ಹೊಡೀದೆ ಇರೋರು ನೀವೊಬ್ರೇ.”

ನವ್ಯಾ ಮನೆಯಲ್ಲಿ ಎಂದಿನಂತೆ ಹರಟುತ್ತಿದ್ದಳು. ಶಾಲೆಯಲ್ಲಿ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಉತ್ತರ ಗೊತ್ತಿದ್ದರೂ ತಲೆ ತಗ್ಗಿಸಿ ಕೂರುತ್ತಾಳೆ ಎಂದು ಮಿಸ್ ಹಾನಾ ಹೇಳಿ ಕಳಿಸುತ್ತಿದ್ದರು. ಭಾಷೆಯ ತೊಡಕೇ ಇರಬಹುದೆಂದು ಸರ್ ಎಣಿಸಿದ್ದರು. ಟರ್ಮಿನ ಕೊನೆ ಹತ್ತಿರವಾದಾಗ, ಒಂದು ಸಂಜೆ ಶಾಲೆಯಿಂದ ನಡೆದು ಬರುತ್ತಾ ತಡೆಯಲಾರದೆ ಕೇಳಿಯೇಬಿಟ್ಟರು.

“ಯಾಕೆ ಪುಟ್ಟಿ, ಇಂಗ್ಲಿಷ್ ಕಷ್ಟ ಆಗುತ್ತಾ?”

“ಇಲ್ಲ.”

“ಮತ್ತೆ ಮಾತಾಡಲ್ವಂತೆ?”

“ನಂಗೆ ಏನೂ ಬರಲ್ಲ ಅಂತ ನೀನೇ ಮಿಸ್ ಹತ್ರ ಹೇಳಿದ್ಯಲ್ಲಪ್ಪ. ನಾನು ಎಲ್ಲಾ ಹೇಳ್ಬಿಟ್ರೆ ನೀನು ಸುಳ್ಳು ಹೇಳ್ದೆ ಅಂತ ಆಗಲ್ವಾ?”

ಅಪ್ಪನ ಮಾನ ಉಳಿಸಲು ಮಗು ಅಷ್ಟು ದಿನ ಬಾಯಿ ಹೊಲಿದುಕೊಂಡು ಕೂತಿತ್ತು. ಇದನ್ನು ಹೇಳುವಾಗ ಬೈಕಿನ ಹಿಂದೆ ಮೊದಲ ಸಲ ಸರ್ ದನಿ ಇಳಿಯಿತು. ನಾನು ವೇಗ ಕಮ್ಮಿ ಮಾಡಬೇಕಾಯಿತು.

“ಸುಳ್ಳೇ ಹೇಳಿದ್ದು ಪುಟ್ಟಿ,” ಎಂದರಂತೆ ಸರ್.

“ಯಾಕೆ?”

“ಮರ್ಯಾದೆಗೆ.”

“ಯಾರ ಮರ್ಯಾದೆಗೆ?”

ಸರ್ ಅವಳ ಬ್ಯಾಗನ್ನು ತಮ್ಮ ಹೆಗಲಿಗೆ ಹಾಕಿಕೊಂಡರು. ನವ್ಯಾ ಸ್ವಲ್ಪ ದೂರ ನಡೆದು, “ಹಾಗಾದ್ರೆ ಮಿಸ್‌ಗೂ ಹೇಳು. ನನ್ನ ಎದುರಿಗೇ ಹೇಳ್ಬೇಕು,” ಎಂದಳು.

ಸರ್ ಮರುದಿನವೇ, ನವ್ಯಾ ಕ್ಲಾಸಿನಲ್ಲಿದ್ದಾಗ, ದೀಪಶ್ರೀಯನ್ನು ಜೊತೆಗೆ ಕರೆದೊಯ್ದು, ಅವರ ಬಾಯಿಂದ ಮಿಸ್ ಹಾನಾಗೆ ನಮ್ಮ ಕಡೆಯ ಕ್ರಮವನ್ನೆಲ್ಲ ಹೇಳಿಸಿದರು. ಕೊನೆಗೆ ತಾವೇ ಒಂದು ಮಾತು ಸೇರಿಸಿದರು. “ನನ್ನ ಪಾಲಿನ ಅರ್ಧ ನಾನು ಹೇಳಿದೆ ಮಿಸ್. ನಿಮ್ಮ ಪಾಲಿನ ಅರ್ಧ ನೀವು ಹೇಳ್ಲಿಲ್ಲ.”

ಅದನ್ನು ದೀಪಶ್ರೀ ಇಂಗ್ಲಿಷಿಗೆ ತಿರುಗಿಸಿದಾಗ ಮಿಸ್ ಹಾನಾ ನಕ್ಕರು. ಆದರೆ ನಿಯಮ ಬಿಡಲಿಲ್ಲ. ಬರುವ ಶುಕ್ರವಾರ ಪೋಷಕರ ಸಭೆ. ಅಲ್ಲಿಯ ಪೋಷಕರ ಸಭೆಯಲ್ಲಿ ಟೀಚರ್ ಬಾಯಿ ತೆರೆಯುವುದಿಲ್ಲ. ತಾನು ಮಾಡಿದ್ದನ್ನು ಮಗುವೇ ತಂದೆತಾಯಿಗೆ ತೋರಿಸಿ ವಿವರಿಸಬೇಕು. ಅವತ್ತು ನವ್ಯಾ ಮಾತಾಡಿದರೆ ನಾಲ್ಕನೆಯ ತರಗತಿ, ಇಲ್ಲವಾದರೆ ತನ್ನ ಕೈಯಲ್ಲಿ ಏನೂ ಇಲ್ಲ ಎಂದರು.

ಶುಕ್ರವಾರ ದೊಡ್ಡ ಹಾಲಿನ ತುಂಬ ಮೇಜುಗಳು, ಮೇಜಿಗೊಂದು ಸಂಸಾರ. ವಸ್ತುಗಳು ಹೇಗೆ ತಯಾರಾಗುತ್ತವೆ ಎಂಬುದು ಆ ಟರ್ಮಿನ ವಿಷಯ. ನವ್ಯಾಳ ಮೇಜಿನ ಮೇಲೆ ಒದ್ದೆ ಮರಳಿನ ತಟ್ಟೆ, ಕರಗಿಸಲು ಮೇಣದಬತ್ತಿಯ ತುಂಡುಗಳು, ಅಪ್ಪನ ಬ್ಯಾಗಿನಿಂದ ಎತ್ತಿಕೊಂಡು ಬಂದ ಸೀಟಿ. ಸುತ್ತಲಿನ ಮಕ್ಕಳೆಲ್ಲ ಶುರು ಮಾಡಿಬಿಟ್ಟಿದ್ದರು. ಪಕ್ಕದ ಮೇಜಿನಲ್ಲಿ ಮಗ ಒಂದು ವಾಕ್ಯ ಹೇಳಿದರೆ ಕೊರಿಯಾದ ಅಪ್ಪ ಎರಡು ಸಲ ಶಭಾಷ್ ಅನ್ನುತ್ತಿದ್ದ. ನವ್ಯಾ ಮಾತ್ರ ಕೈಕಟ್ಟಿ ಅಪ್ಪನನ್ನೇ ನೋಡುತ್ತಿದ್ದಳು. ಮಿಸ್ ಹಾನಾ ಮೇಜಿನ ಪಕ್ಕ ಬಂದು ನಿಂತರು.

ಸರ್ ಎದ್ದರು. ಮಗಳನ್ನು ಹೊಗಳುವುದಕ್ಕೆ ಹೇಗೆ ನಿಲ್ಲಬೇಕೆಂದು ತಿಳಿಯದೆ ಅಟೆನ್ಷನ್‌ನಲ್ಲಿ ನಿಂತರು. ಮೆಲ್ಲಗೆ ಹೇಳುವ ಅಭ್ಯಾಸ ಆ ಗಂಟಲಿಗೆ ಇರಲಿಲ್ಲ.

“ದಿಸ್ ಈಸ್ ಮೈ ಡಾಟರ್ ನವ್ಯಾ. ಫಸ್ಟ್ ಡೇ ಐ ಟೋಲ್ಡ್, ಶೀ ನೋಸ್ ನಥಿಂಗ್. ಐ ಟೋಲ್ಡ್ ಲೈ. ಶೀ ಈಸ್ ವೆರಿ ಇಂಟೆಲಿಜೆಂಟ್. ಮೋರ್ ದ್ಯಾನ್ ಮಿ. ಫಾದರ್ ಈಸ್ ಪ್ರೌಡ್.”

ಪಾಠ ಒಪ್ಪಿಸುತ್ತಿದ್ದ ಮಕ್ಕಳು ಅರ್ಧಕ್ಕೇ ನಿಲ್ಲಿಸಿದರು. ದೀಪಶ್ರೀ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡರು. ಮೊದಲು ಕೊರಿಯಾದ ಅಪ್ಪ ಚಪ್ಪಾಳೆ ತಟ್ಟಿದ, ಆಮೇಲೆ ಎಲ್ಲರೂ.

“ಅಪ್ಪಾ, ಕೂತ್ಕೊ. ಎಲ್ಲಾರೂ ನೋಡ್ತಿದಾರೆ,” ಎಂದಳು ನವ್ಯಾ.

“ನೋಡ್ಲಿ ಬಿಡು. ನೀನು ಶುರು ಮಾಡು.”

ಶುರು ಮಾಡಿದವಳು ನಿಲ್ಲಿಸಲಿಲ್ಲ. ಸೀಟಿಯನ್ನು ಮರಳಿಗೆ ಒತ್ತಿ ಅಚ್ಚು ತೆಗೆದಳು, ಮಿಸ್ ಹಾನಾ ಕೈಯಿಂದ ಬಿಸಿ ಮೇಣ ಹೊಯ್ಯಿಸಿದಳು, ಆರುವವರೆಗೆ ಅಮ್ಮನ ಕಾರ್ಖಾನೆಯಲ್ಲಿ ಕಬ್ಬಿಣ ಹೊಯ್ಯುವ ಕಥೆ ಹೇಳಿದಳು. ಇಂಗ್ಲಿಷ್ ಸಿಗದ ಕಡೆ ಕನ್ನಡ ಹಾಕಿಕೊಂಡು ಮುಂದೆ ಹೋದಳು, ಯಾರೂ ತಡೆಯಲಿಲ್ಲ. ಮೇಣದ ಸೀಟಿ ಎದ್ದು ಬಂದಾಗ ಕೊರಿಯಾದ ಹುಡುಗ, ಇದನ್ನು ಊದಬಹುದೇ ಎಂದು ಕೇಳಿದ. ಅಚ್ಚಿನಿಂದ ಬರುವುದು ಹೊರಗಿನ ಆಕಾರ ಮಾತ್ರ, ಒಳಗೆ ಟೊಳ್ಳು ಬೇಕೆಂದರೆ ಅಚ್ಚಿನ ನಡುವೆ ಮರಳಿನ ಉಂಡೆಯೊಂದನ್ನು ಕೂರಿಸಬೇಕು, ಬೇಕಾದರೆ ಸೋಮವಾರ ಬಾ, ಅದನ್ನೂ ಮಾಡಿ ತೋರಿಸುತ್ತೇನೆ ಎಂದಳು. ಅಷ್ಟರಲ್ಲಿ ಬೇರೆ ಮೇಜಿನವರೂ ಬಂದು ಸುತ್ತುವರಿದಿದ್ದರು.

“ಛೆ ಛೆ,” ಎಂದರಂತೆ ಮಿಸ್ ಹಾನಾ, ಸರ್ ಕಡೆ ತಿರುಗಿ, ದೀಪಶ್ರೀ ಹೇಳಿಕೊಟ್ಟಿದ್ದ ಕನ್ನಡದಲ್ಲಿ.

ಸೋಮವಾರ ನವ್ಯಾ ನಾಲ್ಕನೆಯ ತರಗತಿಯಲ್ಲಿ ಕೂತಳು. ಅದರ ಹಿಂದಿನ ದಿನ, ಭಾನುವಾರ ಸಂಜೆ ದೀಪಶ್ರೀ, ಅಷ್ಟು ಜನರೆದುರು ಹೊಗಳಿದ್ದಕ್ಕೆ ದೃಷ್ಟಿಯಾಗಿರುತ್ತದೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಬಾಣಲೆಗೆ ಹಾಕಿದ್ದಕ್ಕೆ ಹೊಗೆಯ ಅಲಾರಂ ಕೂಗಿಕೊಂಡು, ಅಪಾರ್ಟ್‌ಮೆಂಟಿನವರೆಲ್ಲ ಮೆಟ್ಟಿಲಿಳಿದು ಓಡಿದರಂತೆ. ಮೂರು ವರ್ಷ ಮೂವರೂ ಒಟ್ಟಿಗೇ ಇದ್ದರು.

ಭದ್ರಾವತಿಯ ಶಾಲೆಯಲ್ಲಿ ಸರ್ ಈಗ ಬೆತ್ತ ಹಿಡಿಯುವುದಿಲ್ಲ. ಯಾವ ಪೋಷಕರಾದರೂ ಬಂದು ‘ನಾಲ್ಕು ಬಾರ್ಸಿ ಸಾರ್’ ಅಂದರೆ, ಮೊದಲು ಮಗುವಿನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿ ಎಂದು ನಿಲ್ಲಿಸಿಕೊಳ್ಳುತ್ತಾರೆ. ಹೊಳಲೂರಿನ ಮಾರಪ್ಪ ಎಂಬವರು ಬಹಳ ಹೊತ್ತು ಗೋಡೆ ನೋಡಿ, “ಊಟ ಚೆನ್ನಾಗಿ ಮಾಡ್ತಾನೆ ಸಾರ್,” ಎಂದರಂತೆ. ಪಕ್ಕದಲ್ಲಿದ್ದ ಮಗ ನಾಚಿ ನೀರಾದನಂತೆ. ಸರ್ ಅದನ್ನೂ ಒಪ್ಪಿಕೊಂಡರು.

ಮೊನ್ನೆ ಮಾಚೇನಹಳ್ಳಿ ಬಸ್‌ಸ್ಟಾಪಿನಲ್ಲಿ ಅವರು ಇಳಿಯುವಾಗ ನನಗೂ ಧೈರ್ಯ ಬಂತು. ನಾನು ಹತ್ತನೆಯ ತರಗತಿಯಲ್ಲಿದ್ದಾಗ ನಮ್ಮಪ್ಪ ಬಂದು, ಮೈದಾನದ ನಡುವೆ, ಅಪ್ಪಂದಿರ ಪಾಲಿನ ಮಾತನ್ನು ಧಾರಾಳವಾಗಿಯೇ ಹೇಳಿದ್ದರು. ಸರ್ ಸುಮ್ಮನೆ ತಲೆಯಾಡಿಸಿದ್ದರು. ಮೂರು ವರ್ಷ ಅವರ ಕೈಕೆಳಗೆ ಕಬಡ್ಡಿ ಆಡಿದವನು ನಾನು.

“ಸರ್, ಅವತ್ತು ನಮ್ಮಪ್ಪಂಗೆ ‘ಛೆ ಛೆ, ಒಳ್ಳೆ ಹುಡುಗ’ ಅಂತ ನೀವ್ಯಾಕೆ ಹೇಳ್ಲಿಲ್ಲ?”

ಸರ್ ಹೆಲ್ಮೆಟ್ ತೆಗೆದು ನನ್ನ ಕೈಗೆ ಕೊಟ್ಟರು.

“ಆಗ ನಿನ್ನ ಹೆಸರೇ ನಂಗೆ ಗೊತ್ತಿರ್ಲಿಲ್ಲ ಮಾರಾಯ. ಏನಂತ ಹೊಗಳ್ಲಿ?”