ಫಾರಂ ಅಕ್ಕ ತುಂಬದ ಒಂದು ಫಾರಂ

ಬೆಳಗಿನ ಐದೂಮುಕ್ಕಾಲು. ತೆರಿಗೆ ಕಚೇರಿಯ ಎದುರಿಗೆ, ಮುಚ್ಚಿಹೋದ ಟೈಪಿಂಗ್ ಶಾಲೆಯ ಮೆಟ್ಟಿಲ ಕೆಳಗೆ, ಫಾರಂ ಅಕ್ಕ ಮಡಚುವ ಮೇಜನ್ನು ಬಿಡಿಸುತ್ತಾರೆ. ಬೀದಿಯಲ್ಲಿ ಮಂಜು ದಟ್ಟವಾಗಿದೆ. ಆಗಲೇ ಸಾಲು ನಿಂತಿದೆ, ಆದರೆ ಯಾರ ಮುಖವೂ ಕಾಣುವುದಿಲ್ಲ. ಎದೆಗೆ ಅವಚಿಕೊಂಡ ಬಿಳಿ ಲಕೋಟೆಗಳಷ್ಟೇ ಗಾಳಿಯಲ್ಲಿ ತೇಲಿದಂತೆ ಕಾಣುತ್ತವೆ. ಕಾಗದ ಎಂದರೆ ನಮ್ಮ ಜನಕ್ಕೆ ಹುಲಿ ಕಂಡಷ್ಟು ಭಯ.

"ಬನ್ನಿ, ಕಚ್ಚಲ್ಲ," ಎನ್ನುತ್ತಾರೆ ಅಕ್ಕ, ಪೆನ್ನಿನ ಮುಚ್ಚಳ ತೆಗೆಯುತ್ತ. "ರಸೀದಿ ತಂದಿದೀರಾ? ಒರಿಜಿನಲ್ಲು?"

ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಿದ ತಂದೆತಾಯಿಗೆ ಫೀಸಿನ ಮೇಲೆ ತೆರಿಗೆ ರಿಯಾಯಿತಿ ಉಂಟು. ಅದು ಉಂಟೆನ್ನುವುದು ಅರ್ಧ ಊರಿಗೆ ಗೊತ್ತಿಲ್ಲ. ಗೊತ್ತಿದ್ದವರಿಗೆ ಯಾವ ಕಾಲಂನಲ್ಲಿ ಏನು ಬರೆಯಬೇಕೆಂದು ಗೊತ್ತಿಲ್ಲ. ಪಾಠದ ಫೀಸಿಗೆ ರಿಯಾಯಿತಿ ಸಿಗುತ್ತದೆ; ಹಾಸ್ಟೆಲ್ಲು, ಬಸ್ಸು, ಕಟ್ಟಡ ನಿಧಿ ಎಂದು ವಸೂಲು ಮಾಡಿದ್ದಕ್ಕೆ ಸಿಗದು. ಕಾಲೇಜಿನವರು ಎಲ್ಲವನ್ನೂ ಒಂದೇ ರಸೀದಿಯಲ್ಲಿ ಕಲಸಿ ಕೊಟ್ಟಿರುತ್ತಾರೆ. ಅದನ್ನು ಬಿಡಿಸಿ ಬರೆಯುವುದೇ ಅಕ್ಕನ ಕಸುಬು.

ಅವರಿಗೂ ಇದನ್ನು ಯಾರೂ ಕಲಿಸಲಿಲ್ಲ. ಹದಿನಾರು ವರ್ಷ ಅಚ್ಚಿನ ಮನೆಯಲ್ಲಿ ಕರಡು ತಿದ್ದುತ್ತಿದ್ದರು. ಅಚ್ಚಿನ ಮನೆ ಬಾಗಿಲು ಹಾಕಿದ ವರ್ಷವೇ ಮಗಳು ಕಾಲೇಜಿಗೆ ಸೇರಿದಳು. ಬಸ್ ಕಂಡಕ್ಟರ್ ಗಂಡನ ಹೆಸರಿನಲ್ಲಿ ರಿಯಾಯಿತಿಗೆ ಹಾಕಿದ ಅರ್ಜಿ ಮೂರು ಸಲ ವಾಪಸ್ಸು ಬಂತು. "ಮೂರನೇ ಸಲ ಆ ಗುಮಾಸ್ತ, 'ನಿಮಗೆ ಓದೋಕೆ ಬರುತ್ತೇನಮ್ಮ?' ಅಂದ. ಬೇರೆಯವರ ತಪ್ಪು ತಿದ್ದಿಯೇ ಅನ್ನ ತಿಂದವಳು ನಾನು. ರಾತ್ರಿಯೆಲ್ಲ ನಿಯಮದ ಪುಸ್ತಕ ಬಾಯಿಪಾಠ ಮಾಡಿದೆ." ನಾಲ್ಕನೆಯದು ಪಾಸಾಯಿತು. ಪಕ್ಕದ ಮನೆಯವರು ಬಂದರು, ಅವರ ಬೀಗರು ಬಂದರು. ಈಗ ಸೀಸನ್ನಿನಲ್ಲಿ ದಿನಕ್ಕೆ ಮೂವತ್ತು ಫಾರಂ, ಫಾರಂ ಒಂದಕ್ಕೆ ಎರಡು ಟೀಯಷ್ಟು ಕೂಲಿ. ಬೆರಳಿನ ಗಂಟು ಊದಿಕೊಂಡಿದೆ. "ಸ್ವರ್ಗಕ್ಕೆ ಅರ್ಜಿ ಹಾಕೋದಿದ್ರೂ ಈ ಅಕ್ಕನ ಹತ್ರಾನೇ ಬರೆಸ್ಕೊಳ್ಳಿ," ಎಂದು ಟೀ ಅಂಗಡಿಯಾತ ಗಿರಾಕಿಗಳಿಗೆ ಹೇಳುತ್ತಾನೆ. ಅಕ್ಕ ನಗುತ್ತಾರೆ. ಆದರೆ ಹೋದ ವರ್ಷದಿಂದ ಆ ಮಾತಿಗೆ ಅವರ ನಗು ಅರ್ಧಕ್ಕೇ ನಿಂತುಬಿಡುತ್ತದೆ.

ಹೋದ ವರ್ಷದ ಸೀಸನ್ನಿನಲ್ಲಿ, ಎಂದಿನಂತೆ ಸಾಲಿನ ಮೊದಲಿಗೇ ಬಸ್ ಡಿಪೋದ ಮೆಕ್ಯಾನಿಕ್ ನಿಂತಿದ್ದರು. ಅದು ಅವರ ನಾಲ್ಕನೇ ವರ್ಷ. ಮೊದಲ ವರ್ಷ ಮಗಳೂ ಜೊತೆಗೆ ಬಂದಿದ್ದಳು, ತನ್ನ ಹೆಸರಿನಲ್ಲಿ ಅಕ್ಕ ಬಿಟ್ಟಿದ್ದ ಒತ್ತಕ್ಷರವನ್ನು ತೋರಿಸಿ, "ನೀವೂ ತಪ್ಪು ಮಾಡ್ತೀರಾ ಆಂಟಿ?" ಎಂದು ಕಿಲಕಿಲ ನಕ್ಕಿದ್ದಳು. ಆಮೇಲೆ ತಂದೆ ಒಬ್ಬರೇ ಬರುತ್ತಿದ್ದರು. ಮಗಳು ಹೇಗಿದ್ದಾಳೆ ಎಂದರೆ, "ಓದ್ತಿದಾಳೆ," ಅಷ್ಟೇ. ಆ ದಿನವೂ ರಸೀದಿ, ಹೊಸದಾಗಿ ಕೇಳಿದ್ದ ಹಾಜರಾತಿ ಪತ್ರ ಎರಡನ್ನೂ ಕೊಟ್ಟು ಕೆಲಸಕ್ಕೆ ಹೋದರು. ಹಾಜರಾತಿ ನೂರಕ್ಕೆ ತೊಂಬತ್ತಾರು.

ಮಧ್ಯಾಹ್ನ ಒಬ್ಬ ಹೆಂಗಸು ಬಂದರು. ಮೆಕ್ಯಾನಿಕ್‌ನ ಹೆಂಡತಿ. ಸೆರಗಿನಡಿಯಿಂದ ಹಿಂದಿನ ಎರಡು ವರ್ಷಗಳ ಸೀಲು ಬಿದ್ದ ಪ್ರತಿಗಳನ್ನು ತೆಗೆದು ಮೇಜಿನ ಮೇಲಿಟ್ಟರು.

"ಇವು ಮಗಳ ಪುಸ್ತಕದ ಮಧ್ಯೆ ಸಿಕ್ಕಿದ್ವು. ನೀವೇ ಬರೆದಿದ್ದಾ ಅಕ್ಕಾ?"

"ಹೌದು."

"ಮೊದಲನೇ ವರ್ಷದ ರಜೇಲಿ ಜ್ವರ ಬಂತು. ಒಂಬತ್ತು ದಿನ. ಹೋಗ್ಬಿಟ್ಳು." ಆಕೆ ಅಳಲಿಲ್ಲ. "ಇವರು ಇನ್ನೂ ಫೀಸು ಕಟ್ತಿದಾರೆ ಅಂತ ನಂಗೆ ಗೊತ್ತೇ ಇರಲಿಲ್ಲ."

ಅಕ್ಕ ಆ ಪ್ರತಿಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ತನ್ನ ಕೈಬರಹದಲ್ಲೇ ಎರಡು ಸುಳ್ಳು. ಅದಕ್ಕಿಂತ ಹೆಚ್ಚಾಗಿ ಅವರನ್ನು ಕಾಡಿದ್ದು ಆ ತೊಂಬತ್ತಾರು. ಫೀಸನ್ನು ತಂದೆ ಕಟ್ಟಬಹುದು. ತರಗತಿಯಲ್ಲಿ ಕೂತವರು ಯಾರು?

ಮರುದಿನ ಮೇಜು ಹಾಕದೆ ಕಾಲೇಜಿಗೆ ಹೋದರು. ಆಫೀಸಿನವರು ಪುಸ್ತಕ ತೆಗೆದರು. "ಪರೀಕ್ಷೆಗೆ ಕೂತಿಲ್ಲ. ಆದ್ರೆ ಫೀಸು ಬಂದಿದೆ, ಹಾಜರಿ ಇದೆ. ಹೆಸರು ಹೊಡೆದುಹಾಕೋಕೆ ನಮಗೆ ಯಾರೂ ಏನೂ ಹೇಳಿಲ್ಲವಲ್ಲ." ಮೇಷ್ಟ್ರನ್ನು ಕಾಣಲು ಹೋದರೆ, ಆ ವಯಸ್ಸಾದ ಮನುಷ್ಯ ಕನ್ನಡಕ ತೆಗೆದು ಒರೆಸಿದರು. "ಆ ಹುಡುಗಿ ತೀರಿಹೋಗಿದ್ದು ನಂಗೂ ಗೊತ್ತಮ್ಮ. ಪುಸ್ತಕದಲ್ಲಿ ಅವಳ ನಂಬರ್ ಇರೋವರೆಗೆ ಕರೀಬೇಕು, ಕರೀತೀನಿ. ಉತ್ತರ ಬರುತ್ತೆ, ಗುರುತು ಹಾಕ್ತೀನಿ. ಮೊದಲು ಹುಡುಗೀರ ಕಿತಾಪತಿ ಅಂದ್ಕೊಂಡೆ. ಎರಡು ವರ್ಷದಿಂದ ಒಬ್ಬೊಬ್ಬರ ತುಟಿ ನೋಡ್ತಿದೀನಿ. ಬನ್ನಿ, ನೀವೇ ಕೇಳಿ."

ಅಕ್ಕ ಬಾಗಿಲ ಬಳಿ ನಿಂತರು. ನಲವತ್ತು ಹುಡುಗ ಹುಡುಗಿಯರು. ಕಿಟಕಿಯ ಪಕ್ಕ ಮೂರನೇ ಬೆಂಚಿನ ತುದಿ ಖಾಲಿ. ಹಾಜರಿ ಶುರುವಾಗಿ ಮೂವತ್ತೈದು, ಮೂವತ್ತಾರು ಆಯಿತು. ಮೇಷ್ಟ್ರು ತಲೆ ಎತ್ತದೆ, "ಮೂವತ್ತೇಳು," ಎಂದರು.

"ಪ್ರೆಸೆಂಟ್ ಸರ್."

ಮೆಲ್ಲಗೆ, ನಗು ತಡೆದುಕೊಂಡಂಥ ಧ್ವನಿ. ಖಾಲಿ ಬೆಂಚಿನ ಕಡೆಯಿಂದ. ಯಾರೂ ತಿರುಗಿ ನೋಡಲಿಲ್ಲ. ಎಲ್ಲರೂ ಡೆಸ್ಕಿಗೆ ಕಣ್ಣು ನೆಟ್ಟಿದ್ದರು. "ಓಡಿಹೋಗ್ಲಿಲ್ಲ ನಾನು," ಎನ್ನುತ್ತಾರೆ ಅಕ್ಕ. "ಹೆದರಿಕೆಗಿಂತ ಪಾಪ ಅನ್ನಿಸಿತು. ಕರೆದವರಿಗೆ ಓಗೊಡದೆ ಹೋಗೋದು ಹೆಂಗೆ ಆ ಮಗು?"

ಮರುದಿನ ನಸುಕಿಗೆ ಮೆಕ್ಯಾನಿಕ್ ಬಂದಾಗ ಅಕ್ಕ ಸಾಲಿನವರನ್ನು ಟೀಗೆ ಕಳಿಸಿ, ಅವರನ್ನು ಎದುರಿಗೆ ಕೂರಿಸಿ, ರಸೀದಿಯ ಲಕೋಟೆಯನ್ನು ವಾಪಸ್ಸು ಕೊಟ್ಟರು.

"ಅಣ್ಣಾ, ಈ ಫಾರಂ ನಾನು ತುಂಬಲ್ಲ."

ಆತ ತಲೆ ತಗ್ಗಿಸಿದರು. "ದುಡ್ಡಿನ ಆಸೆಗಲ್ಲ ಅಕ್ಕಾ. ರಿಯಾಯಿತಿ ಬಂದಿದ್ದು ಒಂದು ಪೈಸೆ ಮುಟ್ಟಿಲ್ಲ, ಬ್ಯಾಂಕಲ್ಲೇ ಇದೆ. ಆ ಕಾಲಂ ಇದೆಯಲ್ಲ, 'ಮಗು ಸದ್ಯ ಓದುತ್ತಿದೆಯೇ' ಅಂತ. ನೀವು ಹೌದು ಅಂತ ಬರೀತೀರಿ. ಅವರು ಸೀಲು ಹೊಡೀತಾರೆ. ಮನೇಲಿ ಎಲ್ಲರೂ ಇಲ್ಲ ಇಲ್ಲ ಅಂತಾರೆ. ಸರ್ಕಾರ ಒಂದೇ ಹೌದು ಅಂದಿದ್ದು."

"ಅವಳು ದಿನಾ ಕಾಲೇಜಿಗೆ ಹೋಗ್ತಿದಾಳೆ, ಗೊತ್ತಾ ನಿಮಗೆ?"

ಆತನ ಕೈಯಲ್ಲಿದ್ದ ಲಕೋಟೆ ಮುದುರಿತು. ತಾನು ಕೇಳಿದ್ದನ್ನು ಅಕ್ಕ ಏನೂ ಬಿಡದೆ ಹೇಳಿದರು. "ನೀವು ಫೀಸು ಕಟ್ತೀರಿ, ನಾನು ಹೌದು ಅಂತ ಬರೀತೀನಿ, ಮೇಷ್ಟ್ರು ಕರೀತಾರೆ. ನಾವು ಮೂವರೂ ಸೇರಿ ಆ ಮಗೂನ ಬೆಂಚಿಗೆ ಕಟ್ಟಿಹಾಕಿದೀವಿ ಅಣ್ಣಾ. ಪರೀಕ್ಷೆ ಇಲ್ಲ, ಪಾಸಾಗೋದಿಲ್ಲ. ಎಷ್ಟು ವರ್ಷ ಕೂತಿರ್ತಾಳೆ?"

ಆತ ಅತ್ತಿದ್ದು ಅಂದೇ ಮೊದಲಂತೆ. ಮಂಜಿನಲ್ಲಿ ಸಾಲು ವಾಪಸ್ಸು ಬಂದು ನಿಂತಿತ್ತು. ಯಾರೂ ಆತುರ ಮಾಡಲಿಲ್ಲ.

ಅಕ್ಕ ಅಂದು ಫಾರಂ ಬದಲು ಎರಡು ಕಾಗದ ಬರೆದರು. ಒಂದು ಕಾಲೇಜಿಗೆ, ಹೆಸರು ತೆಗೆಯಿರಿ ಎಂದು. ಇನ್ನೊಂದು ತೆರಿಗೆ ಕಚೇರಿಗೆ: ಎರಡು ವರ್ಷ ತಪ್ಪಾಗಿ ಪಡೆದ ರಿಯಾಯಿತಿ ಹಿಂದಿರುಗಿಸುತ್ತೇವೆ, ಬರೆದ ಕೈ ನನ್ನದೇ ಎಂದು. ತನ್ನನ್ನು ಆ ಮೆಟ್ಟಿಲ ಕೆಳಗಿಂದ ಎಬ್ಬಿಸಿಬಿಡುತ್ತಾರೆ ಎಂದುಕೊಂಡೇ ಸಹಿ ಹಾಕಿದರು. ಅಧಿಕಾರಿ ಎರಡು ಸಲ ಓದಿ, ದಂಡ ಕಟ್ಟಿಸಿಕೊಂಡು, ಸೀಲು ಒತ್ತಿ ಕಳಿಸಿದರು. ಮಗಳ ಹೆಸರಿನ ಮುಂದೆ 'ದಿವಂಗತ' ಎಂದಿದ್ದ ಆ ಪ್ರತಿಯನ್ನು ಮೆಕ್ಯಾನಿಕ್ ತಾವೇ ಹೆಂಡತಿಯ ಕೈಗೆ ಕೊಟ್ಟರು.

ತಿಂಗಳ ನಂತರ ಮೇಷ್ಟ್ರು ತಾವೇ ಈ ಬೀದಿಗೆ ಬಂದಿದ್ದರು. ಮೂವತ್ತಾರು ಆದ ಮೇಲೆ ಮೂವತ್ತೆಂಟು ಕರೆಯುತ್ತಾರಂತೆ. ನಡುವೆ ಒಂದು ಉಸಿರಿನಷ್ಟು ಹೊತ್ತು ತರಗತಿ ಸುಮ್ಮನಾಗುತ್ತದಂತೆ. ಉತ್ತರ ಬರುವುದಿಲ್ಲ.

ಇಂದು ಆರೂವರೆಗೆ ಮಂಜು ಕರಗುತ್ತದೆ, ಸಾಲಿನಲ್ಲಿ ಮುಖಗಳು ಮೂಡುತ್ತವೆ. ಹೊಸದಾಗಿ ಬಂದ ಒಬ್ಬ ತಾಯಿ, ಇಲ್ಲಿಯವರೆಗೆ ಎಷ್ಟು ಫಾರಂ ತುಂಬಿರಬಹುದು ಎಂದು ಕೇಳುತ್ತಾರೆ. ಅಕ್ಕ ಊದಿದ ಬೆರಳನ್ನು ನೀವಿಕೊಳ್ಳುತ್ತ ಲೆಕ್ಕ ಹಾಕಿ, ಕೈಬಿಡುತ್ತಾರೆ.

"ಲೆಕ್ಕ ಇಟ್ಟಿಲ್ಲಮ್ಮ. ಎರಡು ಸುಳ್ಳಾಗಿದ್ವು, ನಾನೇ ಹೋಗಿ ಒಪ್ಕೊಂಡು ಬಂದೆ. ಮಿಕ್ಕಿದ್ದೆಲ್ಲ ನಿಜ," ಎನ್ನುತ್ತಾರೆ. ಆಮೇಲೆ ಆಕೆಯ ರಸೀದಿಯನ್ನು ಬೆಳಕಿಗೆ ಹಿಡಿದು, ಎಂದೂ ಮರೆಯದ ಮೊದಲ ಪ್ರಶ್ನೆ ಕೇಳುತ್ತಾರೆ: "ಮಗು ಚೆನ್ನಾಗಿದೆಯಾ?"